ಒಳಮಡಿಕೆ

ಮೇ ತಿಂಗಳ ಕೊನೆಯ ಭಾನುವಾರ
ಹಾಸನದಲ್ಲಿ ಯಾವ ಟೈಲರೂ ಅಂಗಡಿ ಮುಚ್ಚುವುದಿಲ್ಲ.
ನಾನು ಮುಚ್ಚಿದೆ.
ಅರವತ್ತು ಯೂನಿಫಾರಂ ಕತ್ತರಿಸಿ ಬಿದ್ದಿದ್ದವು,
ತೋಳಿಲ್ಲದ ಅಂಗಿ, ಕಾಲು ಕೂಡದ ಚಡ್ಡಿ,
ಷಟರ್ ಎಳೆಯುವಾಗ ಎಲ್ಲವೂ ನನ್ನನ್ನೇ ನೋಡಿದಂತಾಯಿತು.

ಮೂರು ಬೇಸಿಗೆಯಿಂದ ಕೊಟ್ಟುಕೊಂಡು ಬಂದ ಮಾತು.
ಅರಸೀಕೆರೆ ರಸ್ತೆ, ಆಲೂಗೆಡ್ಡೆ ಹೊಲ ದಾಟಿದರೆ
ಬಾಯಿ ತೆರೆದ ಸಿಮೆಂಟಿನ ಮೊಸಳೆಯೇ ಹೆಬ್ಬಾಗಿಲು.
ಭಾವಮೈದನ ಓಮ್ನಿಯಲ್ಲಿ ಏಳು ಜನ.
ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು
ಅವ್ವ ಪುಳಿಯೋಗರೆ ಡಬ್ಬಿಗೆ ಟವೆಲ್ ಸುತ್ತಿ
ಕೂಸಿನ ಹಾಗೆ ಹೆಗಲಿಗೆ ಹಾಕಿಕೊಂಡಳು.
ಗೇಟಿನವನು ಮೂಗು ಅರಳಿಸಿ
"ಕೂಸು ಇಂಗು ತಿಂದದೆ ಕಣಜ್ಜಿ" ಅಂದ.
ಬಿಟ್ಟ.

ಟಿಕೆಟ್ ಕಿಟಕಿಯ ಪಕ್ಕ ಗೋಡೆಗೆ ಬರೆದ ಜಿರಾಫೆ,
ಅದರ ಕತ್ತಿಗೊಂದು ಕೆಂಪು ಗೆರೆ. ನಾಲ್ಕೂವರೆ ಅಡಿ.
ಕೆಳಗಿದ್ದರೆ ಅರ್ಧ, ದಾಟಿದರೆ ಪೂರ್ತಿ.
ಇಂಚರ ನಾಲ್ಕಡಿ ಏಳೂಕಾಲು ಇಂಚು.
ಗುರುವಾರ ನಾನೇ ಅಳೆದಿದ್ದೆ.
(ಹೆಸರಿಟ್ಟವನೂ ನಾನೇ. ಇಂಚುಪಟ್ಟಿ ಕೊರಳಿಗೆ ಹಾಕಿಕೊಂಡವನಿಗೆ
ಬೇರೇನು ಹೊಳೆಯುತ್ತೆ ಎಂದು ಸುಗುಣ ಈಗಲೂ ನಗುತ್ತಾಳೆ.)
ವ್ಯತ್ಯಾಸ ಮುನ್ನೂರೈವತ್ತು.
ಅಂದರೆ ಒಂದು ಅಂಗಿ, ಒಂದು ಚಡ್ಡಿ, ಕಾಜಾ ಗುಂಡಿ ಸಮೇತ.
ಅವಳ ಕಿವಿಗೆ ಬಾಗಿ
"ಸ್ವಲ್ಪ ಮಂಡಿ ಮಡಚು ಮಗಾ" ಅಂದೆ.

ಮಡಚಿದಳು. ಉದ್ದ ಲಂಗದೊಳಗೆ ಯಾರಿಗೂ ಕಾಣಲಿಲ್ಲ.
ಎಷ್ಟು ಬೇಕೋ ಅಷ್ಟೇ, ಒಂದು ನೂಲು ಹೆಚ್ಚಿಲ್ಲ,
ಟೈಲರ್ ಮಗಳು.
ಕೈಗೆ ಹಳದಿ ಪಟ್ಟಿ ಕಟ್ಟಿದರು.

ನೀರಾಟಕ್ಕೆ ಬಾಡಿಗೆಯ ನೈಲಾನು ಬಟ್ಟೆ, ಐವತ್ತು ರೂಪಾಯಿ,
ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಸುಮ್ಮನಿದ್ದೆ.
ಅಲೆ ಬರುವ ಮುಂಚೆ ಸೈರನ್ ಕೂಗಿದ್ದಕ್ಕೆ
ಅವ್ವ, ಯಾರ ಮನೆಗೋ ಬೆಂಕಿ ಬಿತ್ತೆಂದು ಎದ್ದು ನಿಂತಳು.
ಆಮೇಲೆ ಸೀರೆ ಮೊಣಕಾಲಿಗೆತ್ತಿ ಕೂತವಳು
ಮೂರು ಗಂಟೆಯಾದರೂ ಏಳಲಿಲ್ಲ.

ಮಧ್ಯಾಹ್ನ ಆಕಾಶದೋಣಿ.
ಮೂರು ವರ್ಷ ಅವಳು ಮಾತಾಡಿದ್ದು ಅದೊಂದನ್ನೇ.
ಸೀಟಿ ಕಚ್ಚಿದ ಹುಡುಗ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದ.
"ಹಳದಿ ಹತ್ತಂಗಿಲ್ಲ. ಕೆಂಪು ಮಾತ್ರ."
ಅಲ್ಲೂ ಒಂದು ಜಿರಾಫೆ. ಅಲ್ಲೂ ಅದೇ ಗೆರೆ.
ಇಂಚರ ನೆಟ್ಟಗೆ ನಿಂತಳು, ಹಿಮ್ಮಡಿ ಎತ್ತದೆ.
ನೆತ್ತಿ ಗೆರೆ ದಾಟಿತ್ತು.
ಹುಡುಗ ಗೆರೆ ನೋಡಿದ, ಪಟ್ಟಿ ನೋಡಿದ, ನನ್ನನ್ನು ನೋಡಿದ.

ಬಾಕಿ ಕೊಡ್ತೀನಪ್ಪ, ಬೆಳಿಗ್ಗೆ ತಪ್ಪಾಯ್ತು,
ಅಷ್ಟೇ ಹೇಳಬೇಕಿದ್ದದ್ದು.
ಹಿಂದೆ ಸಾಲು. ಜೇಬಲ್ಲಿ ದುಡ್ಡೂ ಇತ್ತು.
ಗುಂಡುಸೂಜಿ ಕಚ್ಚಿಕೊಂಡವನ ಹಾಗೆ
ತುಟಿ ಬಿಚ್ಚಲಾಗಲಿಲ್ಲ.

"ಬೇಡಪ್ಪ" ಅಂದಳು ಅವಳೇ. "ನಂಗೆ ಭಯ."
ಸಂತೇಪೇಟೆ ನೀರಿನ ಟ್ಯಾಂಕಿನ ಏಣಿ ಹತ್ತಿ
ಇಳಿಯಲು ಒಲ್ಲೆನೆಂದು ಕೂತಿದ್ದವಳು.

ಕಲ್ಲುಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತೆವು.
ದೋಣಿ ಏರಿದಾಗ ಅವಳ ಕತ್ತು ಏರುತ್ತಿತ್ತು,
ಇಳಿದಾಗ ಇಳಿಯುತ್ತಿತ್ತು.
"ಮೇಲಿಂದ ಹಾಸನ ಕಾಣುತ್ತಾ?"
"ಕಾಣಲ್ಲ" ಅಂದೆ,
ಹತ್ತಿ ಬಂದವನ ಹಾಗೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳ ಸ್ಕರ್ಟ್ ಎತ್ತಿಕೊಂಡೆ.
ಹೊಸದಲ್ಲ, ಹೋದ ವರ್ಷದ್ದೇ.
ಬೆಳೆಯೋ ಮಕ್ಕಳು, ಎರಡಿಂಚು ಒಳಗೆ ಬಿಡಿ,
ಊರ ತಾಯಂದಿರೆಲ್ಲ ಹೇಳಿ ಹೋಗುತ್ತಾರೆ. ಬಿಡುತ್ತೇನೆ.
ದಾರ ಕಿತ್ತೆ. ಮಡಿಕೆ ಬಿಚ್ಚಿತು.
ಬಿಸಿಲು ನೋಡದ ಕಡುನೀಲಿ,
ಅಂಚಿನುದ್ದಕ್ಕೂ ಒಂದು ವರ್ಷದ ಧೂಳು.

ಹಳದಿ ಪಟ್ಟಿ ಅವಳ ಕೈಯಲ್ಲೇ ಇತ್ತು.
ಕತ್ತರಿ ತಂದು, ಚರ್ಮಕ್ಕೆ ತಾಗದಂತೆ
ಬೆರಳು ಒಳಗೆ ತೂರಿಸಿ ಕತ್ತರಿಸಿದೆ.
ನಿದ್ದೆಯಲ್ಲಿ ಕಾಲು ಚಾಚಿದಳು.
ಚಾಪೆ ಮುಗಿದು,
ಹಿಮ್ಮಡಿ ನೆಲಕ್ಕೆ ತಾಗಿತು.